ಎರಡೆರಡು ಕಾಣುತ್ತಿದ್ದ ಚಳಿಗಾಲ

ನಮ್ಮ ಮನೆಯಲ್ಲಿ ಕನ್ನಡಕ್ಕೆ ನಿಷೇಧ ಇದ್ದ ದಿನಗಳವು. ನಗಬೇಡಿ, ನಿಜವಾಗಿಯೂ ಇತ್ತು. ದೆಹಲಿಯ ದ್ವಾರಕಾದ ಒಂದು ಹೌಸಿಂಗ್ ಸೊಸೈಟಿಯ ನಾಲ್ಕನೇ ಮಹಡಿಯಲ್ಲಿ ನಮ್ಮ ಫ್ಲ್ಯಾಟು. ತಿಪಟೂರು ಕಡೆಯಿಂದ ಬಂದ ಅಪ್ಪ, ಅಮ್ಮ, ಅಜ್ಜಿ; ದೆಹಲಿಯಲ್ಲೇ ಹುಟ್ಟಿದ ನಾನು; ಆಗಷ್ಟೇ ಮಾತು ಕಲಿಯುತ್ತಿದ್ದ ನನ್ನ ತಮ್ಮ ಪಚ್ಚು. ಎಲ್ಲರೂ ಕನ್ನಡದವರೇ. ಆದರೂ ನಾನು ಕೋಣೆಯೊಳಗೆ ಕಾಲಿಟ್ಟರೆ ಸಾಕು, ದೊಡ್ಡವರ ಮಾತು ಟಕ್ಕನೆ ಹಿಂದಿಗೆ ಹೊರಳುತ್ತಿತ್ತು. ಕಾರಣ ನನ್ನ ಕಣ್ಣು. ಕಣ್ಣು ಎಂದು ಆಗ ಯಾರಿಗೂ ಗೊತ್ತಿರಲಿಲ್ಲ, ಅದೇ ಬಂದ ಗ್ರಹಚಾರ.

ನಿಧಾನವಾಗಿ ಹೇಳೋಣ ಎಂದು ಕೂತಿದ್ದೇನೆ, ಆದರೆ ನಿಧಾನ ನನ್ನ ಜಾಯಮಾನವೇ ಅಲ್ಲ. ಇಷ್ಟು ಬರೆಯುವಷ್ಟರಲ್ಲೇ ಎದ್ದು ಹೋಗಿ ನೀರು ಕುಡಿದು ಬಂದೆ. ಹತ್ತು ವರ್ಷದವಳಿದ್ದಾಗಿನ ಕಥೆಯಂತೂ ಕೇಳಲೇಬೇಡಿ. ಊಟಕ್ಕೆ ಕೂತರೆ ಕಾಲು ಅಲ್ಲಾಡಿಸುತ್ತಿದ್ದೆ, ಮೆಟ್ರೋದಲ್ಲಿ ಸೀಟು ಸಿಕ್ಕರೂ ಕಂಬ ಹಿಡಿದು ಸುತ್ತುತ್ತಿದ್ದೆ. "ಇವಳ ಕಾಲಿಗೆ ಯಾರೋ ಚಕ್ರ ಕಟ್ಟಿ ಕಳಿಸಿದಾರೆ" ಎನ್ನುತ್ತಿದ್ದಳು ಅಜ್ಜಿ. ಓದಲು ಕೂತರಂತೂ ಮುಗಿದೇ ಹೋಯಿತು. ಪೆನ್ಸಿಲ್ ಚೂಪು ಮಾಡಬೇಕು, ಬಾತ್‌ರೂಮಿಗೆ ಹೋಗಬೇಕು, ಕಿಟಕಿಯಲ್ಲಿ ಇಣುಕಬೇಕು.

ಏಕೆಂದರೆ ಪುಸ್ತಕ ತೆರೆದರೆ ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಹತ್ತಿ ಕೂರುತ್ತಿತ್ತು. ಅಕ್ಷರಗಳು ಎರಡೆರಡಾಗಿ, ಒಂದನ್ನೊಂದು ತಳ್ಳಿಕೊಂಡು, ಬೆಳಗಿನ ಹೊತ್ತಿನ ಮೆಟ್ರೋ ಪ್ಲಾಟ್‌ಫಾರಂ ಥರ ಕಾಣುತ್ತಿದ್ದವು. ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿಸಿದರೆ ಮಧ್ಯದ ಸಾಲೇ ಮಾಯ. ಹುಬ್ಬಿನ ಮೇಲೆ ಸುತ್ತಿಗೆಯಲ್ಲಿ ಹೊಡೆದ ಹಾಗೆ ನೋವು. ಅಂಗೈಯಿಂದ ಒಂದು ಕಣ್ಣು ಮುಚ್ಚಿಕೊಂಡರೆ ಸ್ವಲ್ಪ ಆರಾಮ. ಹಾಗೆ ಮುಚ್ಚಿಕೊಂಡರೆ ಟೀಚರು "ನೌಟಂಕಿ ಮತ್ ಕರೋ", ನಾಟಕ ಆಡಬೇಡ, ಎಂದು ಕೈ ಎಳೆಯುತ್ತಿದ್ದರು. ಕೆಳಗೆ ಪಾರ್ಕಿನಲ್ಲಿ ಪಿಟ್ಠೂ ಆಡುವಾಗ, ಅದೇ ನಮ್ಮ ಲಗೋರಿ, ಚೆಂಡು ನನ್ನ ಕೈಗೆ ಸಿಗದೆ ಮೂಗಿಗೇ ಬಂದು ಬಡಿಯುತ್ತಿತ್ತು. ಯಾವ ತಂಡದವರೂ ನನ್ನನ್ನು ಸೇರಿಸಿಕೊಳ್ಳುತ್ತಿರಲಿಲ್ಲ.

ಐದನೇ ಕ್ಲಾಸಿಗೆ ಬಂದಾಗ ಶಾಲೆಯ ಕೌನ್ಸೆಲರ್ ಮೇಡಂ ಅಪ್ಪ ಅಮ್ಮನನ್ನು ಕರೆಸಿದರು. ಕಣ್ಣು ತೋರಿಸಿದ್ದೀರಾ ಎಂದು ಮೊದಲು ಕೇಳಿದರು. ತೋರಿಸಿದ್ದೆವು. ಗೋಡೆಯ ಮೇಲಿನ ಪಟ್ಟಿಯಲ್ಲಿ ಕಟ್ಟಕಡೆಯ ಇರುವೆಯಂಥ ಅಕ್ಷರಗಳನ್ನೂ ನಾನು ಗಳಗಳ ಓದಿ ಬಂದಿದ್ದೆ. ಒಂದು ಕಣ್ಣು ಮುಚ್ಚಿಸಿ ಒಂದು ಕಣ್ಣಲ್ಲಿ ಓದಿಸಿದರೆ ಯಾರಿಗೆ ತಾನೇ ಎರಡು ಕಾಣುತ್ತದೆ? "ಕಣ್ಣು ಫಸ್ಟ್ ಕ್ಲಾಸ್" ಎಂದು ಬೆನ್ನು ತಟ್ಟಿ ಕಳಿಸಿದ್ದರು. ಕಣ್ಣಲ್ಲಿ ತೊಂದರೆ ಇಲ್ಲ ಅಂದ ಮೇಲೆ ತಲೆಯಲ್ಲೇ ಇರಬೇಕು ಎಂದಾಯಿತು. ಮೇಡಂ ವಿಚಾರಿಸಿದರು: ಮನೆಯಲ್ಲಿ ಯಾವ ಭಾಷೆ? ಕನ್ನಡ. ಬೀದಿಯಲ್ಲಿ? ಹಿಂದಿ. ಶಾಲೆಯಲ್ಲಿ? ಇಂಗ್ಲಿಷ್. ಅಲ್ಲಿಗೆ ರೋಗ ಸಿಕ್ಕಿಬಿಟ್ಟಿತು. ಮಗುವಿಗೆ ಭಾಷೆ ಜಾಸ್ತಿಯಾಗಿ ಗೊಂದಲವಾಗಿದೆ, ಶಾಲೆಯಲ್ಲಿ ಕೆಲಸಕ್ಕೆ ಬಾರದ ಭಾಷೆಯನ್ನು ಮನೆಯಲ್ಲಿ ನಿಲ್ಲಿಸಿ ನೋಡಿ ಎಂದರು.

ಅಪ್ಪ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಸೆಕ್ಷನ್ ಆಫೀಸರ್. ಮೇಲಿನವರು ಹೇಳಿದ್ದನ್ನು ಕೆಳಗಿನವರಿಗೆ ಹೊರಡಿಸುವುದೇ ಅವರ ಕೆಲಸ, ಅದನ್ನು ಚಾಚೂ ತಪ್ಪದೆ ಮನೆಯಲ್ಲೂ ಮಾಡಿದರು. ಅವತ್ತು ಸಂಜೆ ಚಹಾದ ಹೊತ್ತಿಗೆ ಸೋಫಾದ ಪಕ್ಕ ನಿಂತೇ ಘೋಷಿಸಿದರು. "ಇವತ್ತಿಂದ ಮಕ್ಕಳ ಹತ್ರ ಯಾರೂ ಕನ್ನಡ ಮಾತಾಡಬಾರದು. ಹಿಂದಿ, ಇಲ್ಲಾಂದ್ರೆ ಇಂಗ್ಲಿಷ್. ನಮ್ಮನಮ್ಮಲ್ಲಿ ಏನಿದ್ರೂ ಅಡುಗೆಮನೆಯಲ್ಲಿ."

"ಪಚ್ಚು ಹತ್ರಾನೂನಾ?" ಎಂದಳು ಅಮ್ಮ. ಪಚ್ಚು ಆಗ 'ನೀಯು ಬೇಕು', 'ಅಜ್ಜೀ ಬಾ' ಎನ್ನಲು ಶುರು ಮಾಡಿದ್ದ.

"ಅವನಿಗೂ ಇದೇ ಪಾಡು ಬರೋದು ಬೇಡ ಸುಧಾ."

"ಮತ್ತೆ ನಾನೇನು ಮಾಡ್ಲೋ ಮಂಜು?" ಅಜ್ಜಿ ಕೇಳಿದಳು.

"ನೀನೂ ಒಂಚೂರು ಹಿಂದಿ ಕಲ್ತ್ಕೊಳಮ್ಮ. ಅದೇನು ಮಹಾ."

ಅದೇನು ಮಹಾ ಅಂತೆ! ನಮ್ಮ ಅಜ್ಜಿಯಂಥ ಮಾತಿನ ಮಲ್ಲಿಯನ್ನು ನಾನು ಇವತ್ತಿಗೂ ನೋಡಿಲ್ಲ. ತರಕಾರಿ ಗಾಡಿಯ ಭಯ್ಯಾನ ಜೊತೆ ಅಚ್ಚ ಕನ್ನಡದಲ್ಲಿ ಚೌಕಾಸಿ ಮಾಡುತ್ತಿದ್ದಳು, ಅವನು ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದ, ಇಬ್ಬರಿಗೂ ಏನೂ ಅಡ್ಡಿಯಾಗುತ್ತಿರಲಿಲ್ಲ. ಲಿಫ್ಟಿನಲ್ಲಿ ಸಿಕ್ಕ ಪಂಜಾಬಿ ಆಂಟಿಗೆ ತನ್ನ ಮಂಡಿನೋವಿನ ವಂಶಾವಳಿಯನ್ನೆಲ್ಲ ಹೇಳುತ್ತಿದ್ದಳು. ನನಗೆ ತಲೆ ಬಾಚುವಾಗಂತೂ ಅವಳ ತವರಿನ ಎಮ್ಮೆಯಿಂದ ಹಿಡಿದು ಅವಳ ಮದುವೆಯಲ್ಲಿ ಹಪ್ಪಳ ಕದ್ದವನವರೆಗೆ ಎಲ್ಲ ಬರುತ್ತಿತ್ತು. ಆ ಒಂದು ಹೊತ್ತು ಮಾತ್ರ ನಾನು ಕಾಲು ಅಲ್ಲಾಡಿಸದೆ ಕೂರುತ್ತಿದ್ದೆ. ಆದೇಶ ಹೊರಟ ಮೇಲೆ ಅಜ್ಜಿ ತಲೆ ಬಾಚುವಾಗ ಬಾಚಣಿಗೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಕೊನೆಗೆ ಭುಜ ತಟ್ಟಿ "ಬಸ್", ಅಂದರೆ ಮುಗೀತು, ಎನ್ನುವಳು. ಅಪ್ಪನೋ ಕಡತದ ಹಿಂದಿಯಲ್ಲಿ "ಬೇಟಾ, ಭೋಜನ್ ಪ್ರಾರಂಭ್ ಕರೋ" ಎನ್ನುವರು. ನನಗೆ ನಗುವೂ ಬರುತ್ತಿತ್ತು, ಅಳುವೂ ಬರುತ್ತಿತ್ತು. ಓದು ಮಾತ್ರ ಒಂದಿಂಚೂ ಮುಂದೆ ಹೋಗಲಿಲ್ಲ.

ದೀಪಾವಳಿ ಕಳೆದು ಹೊಗೆಮಂಜು ಕವಿದಿತ್ತು. ಅಜ್ಜಿಗೆ ಪೊರೆಯ ಆಪರೇಷನ್ ಆಗಿ, ಇನ್ನೊಂದು ಸೆಕ್ಟರಿನ ಮಾರ್ಕೆಟ್ಟಿನ ಮಹಡಿ ಮೇಲಿದ್ದ ಕಣ್ಣಿನ ಕ್ಲಿನಿಕ್ಕಿಗೆ ಅವಳನ್ನು ತೋರಿಸಲು ಹೋಗಿದ್ದೆವು. ಕಾಯುವ ಕುರ್ಚಿಗಳ ಮೇಲೆ ನಾನು ಹತ್ತಿ ಇಳಿದು ರಂಪ ಮಾಡುತ್ತಿದ್ದಾಗ ಅಮ್ಮ ಒಂದು ಮಕ್ಕಳ ಪತ್ರಿಕೆ ಕೈಗೆ ತುರುಕಿ "ಚುಪ್‌ಚಾಪ್ ಪಢೋ" ಎಂದಳು. ನಾನು ಎಂದಿನಂತೆ ಒಂದು ಕಣ್ಣು ಮುಚ್ಚಿಕೊಂಡು ಓದಲು ಶುರು ಮಾಡಿದೆ. ಅಜ್ಜಿಯನ್ನು ಒಳಗೆ ಕರೆಯಲು ಬಂದ ಡಾಕ್ಟರು, ಚಿಕ್ಕ ವಯಸ್ಸಿನವರು, ಜಡೆ ಹಾಕಿಕೊಂಡಿದ್ದರು, ಬಾಗಿಲಲ್ಲೇ ನಿಂತುಬಿಟ್ಟರು. ಬಂದು ನನ್ನೆದುರು ಮಂಡಿಯೂರಿ ಕೂತು, ಜೇಬಿನ ಪೆನ್ನು ತೆಗೆದು, ಮೆಲ್ಲಗೆ ನನ್ನ ಮೂಗಿನ ಕಡೆ ತಂದರು. ಎಷ್ಟು ಪೆನ್ನು ಕಾಣುತ್ತಿವೆ ಎಂದು ಹಿಂದಿಯಲ್ಲಿ ಕೇಳಿದರು.

"ದೋ" ಎಂದೆ.

"ಹುಡುಗಾಟ ಆಡಬೇಡ, ಸರಿಯಾಗಿ ಹೇಳು!" ಅಮ್ಮ ಗದರಿದಳು. ಸಿಟ್ಟಿನಲ್ಲಿ ಬಂದದ್ದು ಕನ್ನಡವೇ.

"ಎರಡೇ ಅಮ್ಮ. ಹತ್ರ ಬಂದ್ರೆ ಎಲ್ಲಾ ಎರಡೇ ಅಲ್ವಾ?"

ಅಮ್ಮನ ಮುಖ ಆಗ ಹೇಗಾಯಿತು ಎಂದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. "ಯಾಕೆ ಹೇಳಲಿಲ್ಲ ಪುಟ್ಟಿ? ಇಷ್ಟು ದಿನ ಯಾಕೆ ಹೇಳಲಿಲ್ಲ?" ಎಂದು ಹಿಡಿದು ಅಲ್ಲಾಡಿಸಿದಳು. ಏನಂತ ಹೇಳಲಿ? ಎಲ್ಲರಿಗೂ ಪುಸ್ತಕ ಹಾಗೇ ಕಾಣುತ್ತದೆ, ಉಳಿದವರು ನನಗಿಂತ ಜಾಣರು, ಎರಡರಲ್ಲಿ ಸರಿಯಾದ್ದನ್ನು ಆರಿಸಿ ಓದುತ್ತಾರೆ ಎಂದುಕೊಂಡಿದ್ದೆ. ಡಾಕ್ಟರು ಅಮ್ಮನನ್ನು ಕೂರಿಸಿ ನೀರು ಕೊಟ್ಟು ವಿವರಿಸಿದರು. ಎರಡು ಕಣ್ಣೂ ಬೇರೆ ಬೇರೆಯಾಗಿ ಚೆನ್ನಾಗಿವೆ, ಜೊತೆಯಾಗಿ ಕೆಲಸ ಮಾಡುತ್ತಿಲ್ಲ. ಹತ್ತಿರದ್ದನ್ನು ನೋಡುವಾಗ ಎರಡೂ ಮೂಗಿನ ಕಡೆಗೆ ಒಟ್ಟಿಗೆ ತಿರುಗಬೇಕು. ಇವಳದು ಒಂದು ತಿರುಗುತ್ತದೆ, ಇನ್ನೊಂದು ಸುಸ್ತಾಗಿ ಹೊರಗೆ ಜಾರುತ್ತದೆ. ಕಣ್ಣಿಗೆ ವ್ಯಾಯಾಮ ಮಾಡಿಸಬೇಕು, ವಾರಕ್ಕೊಮ್ಮೆ ಇಲ್ಲಿ, ದಿನಾ ಮನೆಯಲ್ಲಿ. ಅದನ್ನು ವಿಷನ್ ಥೆರಪಿ ಎನ್ನುತ್ತಾರೆ ಎಂದರು. ಅಜ್ಜಿಗೆ ಹಿಂದಿ ಪೂರ್ತಿ ಅರ್ಥವಾಗಿರಲಿಲ್ಲ. "ಮಗು ಕಣ್ಣಂತೆ ಅಲ್ವೇನೇ? ಮಾತಿನಿಂದ ಅಲ್ಲ ತಾನೇ?" ಎಂದಷ್ಟೇ ಕೇಳಿದಳು.

ಇನ್ನೇನು, ನಿಷೇಧ ಅವತ್ತೇ ಮುಗಿಯಿತು ಎಂದುಕೊಂಡೆ. ಅಪ್ಪ ಬಿಡಬೇಕಲ್ಲ! ಒಂದು ಆದೇಶ ಹೊರಟರೆ ಅದನ್ನು ರದ್ದು ಮಾಡಲು ಸರಿಯಾದ ಆಧಾರ ಬೇಕು ಎನ್ನುವ ಜನ ಅವರು. "ಕಣ್ಣಿನದೂ ಇರಬಹುದು, ಭಾಷೆದೂ ಇರಬಹುದು. ಈಗ ಎರಡೂ ಒಟ್ಟಿಗೆ ಬದಲಾಯಿಸಿದ್ರೆ ಯಾವುದರಿಂದ ಗುಣ ಆಯ್ತು ಅಂತ ಹೇಗೆ ಗೊತ್ತಾಗತ್ತೆ? ವಾರ್ಷಿಕ ಪರೀಕ್ಷೆವರೆಗೂ ಹೀಗೇ ನಡೀಲಿ" ಎಂದರು. ಕಣ್ಣಿನ ವಿಷಯ ಇಷ್ಟು ದಿನ ತನಗೆ ಗೊತ್ತಾಗಲಿಲ್ಲವಲ್ಲ ಎಂದು ಅಮ್ಮನಿಗೆ ವಾದ ಮಾಡುವ ಧೈರ್ಯವೇ ಹೋಗಿತ್ತು.

ಅದಾದ ಒಂದೆರಡು ದಿನಕ್ಕೆ, ಅಡುಗೆಮನೆಯ ಬಾಗಿಲ ಹಿಂದೆ ನಿಂತು ನಾನು ಅಜ್ಜಿಯ ಮಾತು ಕೇಳಿಸಿಕೊಂಡೆ. "ಬಾಯಿ ಮುಚ್ಕೊಂಡು ಎಷ್ಟು ದಿನ ಅಂತ ಕೂತಿರ್ಲಿ ಸುಧಾ? ಮೊಮ್ಮಕ್ಕಳ ಮುಂದೆ ಮೂಗಿ ಥರ. ಪರೀಕ್ಷೆ ಮುಗಿದ ಮೇಲೂ ಇದೇ ಆದ್ರೆ ನನ್ನ ತುಮಕೂರಿಗೆ, ಶಾರದನ ಮನೆಗೆ ಕಳಿಸ್ಬಿಡಿ." ಶಾರದತ್ತೆ ಅಪ್ಪನ ಅಕ್ಕ. ಅಮ್ಮ ಬೇಡ ಅತ್ತೆ, ಬೇಡ ಎಂದು ಮೂಗೊರೆಸಿಕೊಂಡದ್ದೂ ಕೇಳಿಸಿತು. ಕಣ್ಣು ಸರಿಹೋಗದೆ ಇದ್ದರೆ ಅಜ್ಜಿ ಹೋಗುತ್ತಾಳೆ. ಪರೀಕ್ಷೆ ಮಾರ್ಚಿಗೆ. ಅಷ್ಟೇ ನನಗೆ ಅರ್ಥವಾದದ್ದು, ಅಷ್ಟು ಸಾಕಾಗಿತ್ತು.

ಕ್ಲಿನಿಕ್ಕಿನಲ್ಲಿ ಒಂದು ಕಡೆ ಕೆಂಪು ಒಂದು ಕಡೆ ಹಸಿರು ಗಾಜಿನ ಕನ್ನಡಕ ಹಾಕಿ ಚಿತ್ರ ತೋರಿಸುವರು. ಟಿಕ್ ಟಿಕ್ ಎನ್ನುವ ಯಂತ್ರ ಇಟ್ಟು ಅದರ ತಾಳಕ್ಕೆ ಅಕ್ಷರ ಓದಿಸುವರು. ಆಟದ ಹಾಗೆ ಕಾಣುವ, ಆದರೆ ಒಂಚೂರೂ ಆಟವಲ್ಲದ ಕೆಲಸ ಅದು. ಹೊರಗೆ ಬಂದರೆ ತಲೆ ಗಿರ್ರೆನ್ನುತ್ತಿತ್ತು, ಕೆಳಗಿನ ಗಾಡಿಯ ಮೊಮೊ ವಾಸನೆಗೇ ಹೊಟ್ಟೆ ತೊಳೆಸುತ್ತಿತ್ತು. ಮನೆಗೆ ಕೊಟ್ಟದ್ದು ಒಂದು ಬಿಳಿ ದಾರ, ಅದರಲ್ಲಿ ಬಣ್ಣದ ಮಣಿಗಳು. ಒಂದು ತುದಿಯನ್ನು ಮೂಗಿನ ತುದಿಗೆ ಒತ್ತಿ ಹಿಡಿಯಬೇಕು, ಇನ್ನೊಂದು ತುದಿಯನ್ನು ಯಾರಾದರೂ ಬಿಗಿಯಾಗಿ ಎಳೆದು ಹಿಡಿದಿರಬೇಕು. ಒಂದು ಮಣಿಯನ್ನು ದಿಟ್ಟಿಸಿದರೆ ಮಣಿ ಒಂದೇ ಕಾಣಬೇಕು, ದಾರ ಎರಡಾಗಿ ಬಂದು ಸರಿಯಾಗಿ ಆ ಮಣಿಯಲ್ಲಿ ಕೂಡಬೇಕು. ನನಗೆ ದೂರದ ಹಸಿರು ಮಣಿ ಒಪ್ಪುತ್ತಿತ್ತು. ಮೂಗಿನ ಹತ್ತಿರದ ಕೆಂಪು ಮಣಿ ಮಾತ್ರ ಯಾವಾಗಲೂ ಎರಡು, ದಾರಗಳು ಅದರಾಚೆ ಎಲ್ಲೋ ಕೂಡಿಕೊಳ್ಳುತ್ತಿದ್ದವು.

ದಾರದ ಆ ತುದಿ ಹಿಡಿಯುವವಳು ಅಜ್ಜಿ. ಅಮ್ಮನಿಗೆ ಪಚ್ಚುವನ್ನು ಹಿಡಿಯುವುದೇ ಆಗುತ್ತಿತ್ತು. ಮಧ್ಯಾಹ್ನ ಬಾಲ್ಕನಿಯಲ್ಲಿ ಒಂದು ಚಾಪೆಯಗಲ ಬಿಸಿಲು ಬೀಳುತ್ತಿತ್ತು. ಅಲ್ಲಿ ಅಜ್ಜಿ ಸ್ವೆಟರಿನ ಮೇಲೆ ಶಾಲು ಹೊದ್ದು ಬಟಾಣಿ ಸುಲಿಯುತ್ತ ಕೂರುವಳು. ಅವರೆಕಾಯಿ ಸಿಗದ ಊರಲ್ಲಿ ಚಳಿಗಾಲ ಪೂರ್ತಿ ಬಟಾಣಿಯೇ ನಮ್ಮ ಅವರೆ, ಉಪ್ಪಿಟ್ಟಿಗೂ ಅದೇ, ಸಾರಿಗೂ ಅದೇ. ಬಟಾಣಿ ಬುಟ್ಟಿ ಸರಿಸಿ ದಾರ ಹಿಡಿಯುವಳು. ನಾನು ಒಂದು ನಿಮಿಷ ನಿಲ್ಲುವಷ್ಟರಲ್ಲಿ ಕಾಲು ತುರಿಸುತ್ತಿತ್ತು, ಬೆನ್ನು ತುರಿಸುತ್ತಿತ್ತು, ಕೆಳಗೆ ಹುಡುಗರು ಕಿರುಚಿದರೆ ಕುತ್ತಿಗೆ ಆ ಕಡೆ ಹೊರಳುತ್ತಿತ್ತು. ಗದರಲು ಅಜ್ಜಿಗೆ ಹಿಂದಿ ಬಾರದು. ಕೊನೆಗೆ ಒಂದು ದಿನ ಅವಳು ಬಾಲ್ಕನಿಯ ಕಟ್ಟೆಯ ಮೇಲೆ ಕೂತ ಪಾರಿವಾಳದ ಕಡೆ ತಿರುಗಿದಳು.

"ಏ ಪಾರಿವಾಳ, ನಿಂಗೆ ಒಂದು ಕಡೆ ಕೂರೋಕೆ ಏನಮ್ಮ ಬಾಧೆ? ದಾರ ಬಿಗಿಯಾಗಿ ಹಿಡ್ಕೋ, ಮಣಿ ನೋಡು."

ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಅಜ್ಜಿ ನನ್ನ ಕಡೆ ನೋಡಲೇ ಇಲ್ಲ. "ನೋಡಿದ್ರೆ ಒಂದು ಕಥೆ ಹೇಳ್ತೀನಿ ಪಾರಿವಾಳ. ನಮ್ಮಪ್ಪನ ಮನೇಲಿ ಒಂದು ಎಮ್ಮೆ ಇತ್ತು..."

ಅಲ್ಲಿಂದ ಶುರುವಾಯಿತು. ಅಜ್ಜಿ ನನ್ನ ಜೊತೆ ಒಂದು ಮಾತೂ ಆಡುತ್ತಿರಲಿಲ್ಲ, ಆದೇಶ ಮುರಿಯುವವಳೇ ಅಲ್ಲ. ಎಲ್ಲವನ್ನೂ ಪಾರಿವಾಳಕ್ಕೆ ಹೇಳುತ್ತಿದ್ದಳು, ಅದು ಹಾರಿಹೋದರೆ ಬಟಾಣಿಗೆ. ನಾನು ಮಣಿಯಿಂದ ಕಣ್ಣು ಕಿತ್ತರೆ ಕಥೆ ನಿಲ್ಲುತ್ತಿತ್ತು. ಹೀಗಾಗಿ ಆ ಚಳಿಗಾಲ ನಾನು ಕೆಂಪು ಮಣಿಯನ್ನು ದಿಟ್ಟಿಸಿದಷ್ಟು ಇನ್ಯಾವುದನ್ನೂ ದಿಟ್ಟಿಸಿಲ್ಲ. ಒಮ್ಮೆ ಅಮ್ಮ ಒಣಗಿದ ಬಟ್ಟೆ ತೆಗೆಯಲು ಬಂದು ಕೇಳಿಸಿಕೊಂಡಳು. "ಅತ್ತೆ, ಇವರಿಗೆ ಗೊತ್ತಾದ್ರೆ..." ಎಂದಳು. "ನಾನು ಪಾರಿವಾಳದ ಜೊತೆ ಮಾತಾಡ್ತಿದೀನಮ್ಮ. ಪಾರಿವಾಳಕ್ಕೂ ಪರೀಕ್ಷೆ ಇದೆಯಾ?" ಎಂದಳು ಅಜ್ಜಿ. ಅಮ್ಮ ಬಟ್ಟೆ ಬಾಯಿಗೆ ಒತ್ತಿಕೊಂಡು ನಕ್ಕು ಒಳಗೆ ಹೋದಳು. ಅಪ್ಪನಿಗೆ ಹೇಳಲಿಲ್ಲ.

ಆದರೂ ನನಗೆ ಒಳಗೊಳಗೇ ಪುಕಪುಕ. ಜನವರಿ ಕಳೆಯಿತು, ಮಂಜಿಗೆ ಶಾಲೆಗೆ ರಜೆ ಕೊಟ್ಟರು, ಮತ್ತೆ ತೆರೆದರು, ಮಣಿ ಎರಡೇ. ನಾನು ಹಟಕ್ಕೆ ಬಿದ್ದೆ. ಅಜ್ಜಿ ಮಲಗಿದಾಗ ದಾರವನ್ನು ಬಾಗಿಲ ಹಿಡಿಗೆ ಕಟ್ಟಿ ಮಾಡಿದೆ, ಶಾಲೆಯ ಬಸ್ಸಿನಲ್ಲಿ ಪೆನ್ಸಿಲನ್ನು ಮೂಗಿಗೆ ತಂದು ತಂದು ಮಾಡಿದೆ. ಪಕ್ಕದಲ್ಲಿ ಕೂತವಳು "ಪಾಗಲ್ ಹೈ ಕ್ಯಾ" ಎಂದು ಎದ್ದು ಹೋದಳು. ಒಂದು ದಿನ ತಲೆನೋವಿಗೆ ವಾಂತಿಯೇ ಆಯಿತು. ವಿಷಯ ತಿಳಿದ ಡಾಕ್ಟರು ಚೆನ್ನಾಗಿ ಬೈದರು. ಇಷ್ಟು ಅವಸರ ಯಾಕೆ ಎಂದು ಕೇಳಿದರು. "ಅಜ್ಜಿ ಹೊರಟುಹೋಗ್ತಾರೆ" ಎಂದು ಹಿಂದಿಯಲ್ಲಿ ಹೇಳಿ ಜೋರಾಗಿ ಅತ್ತೆ. ಅವರಿಗೆ ತಲೆಬುಡ ಅರ್ಥವಾಗಲಿಲ್ಲ. ಒಂದು ಕಿತ್ತಳೆ ಸುಲಿದು ಕೊಟ್ಟು, ಕಣ್ಣಿಗೂ ನಿದ್ದೆ ಬೇಕು ಪುಟ್ಟಾ, ಹೊಡೆದು ಬಡಿದು ಮಾಡಿಸಿದರೆ ಅದು ಕೇಳುವುದಿಲ್ಲ ಎಂದರು.

ಬಿಸಿಲು ಖಾರವಾಗಿ ಅಜ್ಜಿ ಶಾಲು ಬಿಟ್ಟಿದ್ದಳು. ಹಪ್ಪಳ ಕದ್ದವನನ್ನು ಅಜ್ಜಿಯ ಸೋದರಮಾವ ಅಟ್ಟಿಸಿಕೊಂಡು ಹೋಗುತ್ತಿದ್ದ ಜಾಗಕ್ಕೆ ಕಥೆ ಬಂದಿತ್ತು, ಆಗ ಕೆಂಪು ಮಣಿ ಒಂದಾಯಿತು. ಸದ್ದಿಲ್ಲದೆ, ಸುಮ್ಮನೆ, ಒಂದು. ಎರಡು ದಾರ ಬಂದು ಅದರೊಳಗೆ ಕೂಡಿ ಆ ಕಡೆ ಹೊರಟಿದ್ದವು. ನಾನು ಉಸಿರಾಡಲೂ ಹೆದರಿದೆ. "ಅಜ್ಜೀ, ಒಂದು" ಎಂದೆ. ಅಜ್ಜಿ ಪಾರಿವಾಳವನ್ನು ಮರೆತೇಬಿಟ್ಟಳು. "ಹೌದಾ ನನ್ನ ಬಂಗಾರ? ನಿಜವಾಗ್ಲೂ ಒಂದಾ?" ಎಂದು ದಾರ ಬಿಟ್ಟು ನನ್ನನ್ನು ತಬ್ಬಿಕೊಂಡಳು. ಮಣಿಗಳು ಬಟಾಣಿ ಸಿಪ್ಪೆಯ ಮೇಲೆ ಬಿದ್ದವು.

ಹೋಳಿ ಹಬ್ಬಕ್ಕೆ ಮುಂಚೆ ಕ್ಲಿನಿಕ್ಕಿನಲ್ಲಿ ಮತ್ತೆ ಪರೀಕ್ಷಿಸಿದರು. ಅವತ್ತು ಅಪ್ಪ ಅರ್ಧ ದಿನ ರಜೆ ಹಾಕಿ ಬಂದಿದ್ದರು. ಪೆನ್ನು ಮೂಗಿನ ಹತ್ತಿರ ಹತ್ತಿರ ಬಂದರೂ ಒಂದೇ ಉಳಿಯಿತು. ಪುಸ್ತಕ ಕೊಟ್ಟರು. ಎರಡೂ ಕಣ್ಣು ತೆರೆದು, ಒಂದು ಸಾಲೂ ಬಿಡದೆ, ಒಂದು ಪುಟ ಓದಿದೆ. ನಡುವೆ ಒಮ್ಮೆ ತಲೆಯೆತ್ತಿದಾಗ ಅಪ್ಪ ಕನ್ನಡಕ ತೆಗೆದು ಒರೆಸುತ್ತಿದ್ದರು. ವಾಪಸು ಬರುವಾಗ ಇ-ರಿಕ್ಷಾದಲ್ಲಿ ನನ್ನ ಕಡೆ ತಿರುಗಿ "ಏನ್ ತಿಂತೀಯ ಪುಟ್ಟಿ?" ಎಂದರು. ತಿನ್ನುವುದಿರಲಿ, ಆ ಕನ್ನಡ ಕೇಳಿಯೇ ಹೊಟ್ಟೆ ತುಂಬಿಹೋಗಿತ್ತು. ಪರೀಕ್ಷೆ ಮುಗಿಯಲಿ ಎಂದು ಮಾತ್ರ ಅವರು ಮತ್ತೆ ಹೇಳಲಿಲ್ಲ.

ಮನೆಗೆ ನುಗ್ಗಿ "ಅಜ್ಜೀ, ರದ್ದಾಯ್ತು! ನೀನು ಎಲ್ಲೂ ಹೋಗಂಗಿಲ್ಲ!" ಎಂದು ಕೂಗಿದೆ. ಅಜ್ಜಿ ಮಗನ ಮುಖ ನೋಡಿದಳು. ಅಪ್ಪ "ಹೂಂನಮ್ಮ, ಮಾತಾಡು, ಎಷ್ಟು ಬೇಕಾದ್ರೂ ಮಾತಾಡು" ಎಂದರು. ಅಷ್ಟೂ ತಿಂಗಳ ಮಾತು ಅವಳ ಬಾಯಲ್ಲಿ ತುಂಬಿಕೊಂಡಿತ್ತು. ನೆಲದ ಮೇಲೆ ಡಬ್ಬಿ ಉರುಳಿಸುತ್ತ ಕೂತಿದ್ದ ಪಚ್ಚುವಿನ ಕಡೆ ಎರಡೂ ಕೈ ಚಾಚಿದಳು. "ಬಾರೋ ನನ್ನ ರಾಜ, ಬಾ, ಅಜ್ಜಿ ತೊಡೆ ಮೇಲೆ ಕೂತ್ಕೊ ಬಾ, ನಿಂಗೂ ಎಮ್ಮೆ ಕಥೆ ಹೇಳ್ತೀನಿ" ಎಂದಳು. ಪಚ್ಚು ಅವಳನ್ನು ಪಿಳಿಪಿಳಿ ನೋಡಿದ. ಅಮ್ಮನ ಸೆರಗು ಹಿಡಿದುಕೊಂಡು, "ಮಮ್ಮಾ, ದಾದಿ ಕ್ಯಾ ಬೋಲ್ ರಹೀ ಹೈ?" ಎಂದು ಕೇಳಿದ. ಅಜ್ಜಿ ಏನು ಹೇಳುತ್ತಿದ್ದಾಳೆ ಎಂದು. ಅಜ್ಜಿಯ ಕೈ ಹಾಗೇ ಚಾಚಿಕೊಂಡಿತ್ತು.

"ಮಗು ಅಲ್ವಾ, ಮತ್ತೆ ಕಲಿತಾನೆ ಬಿಡಮ್ಮ" ಎಂದರು ಅಪ್ಪ. ಕಲಿಯಲಿಲ್ಲ. ನನ್ನ ಕನ್ನಡ ಹೊಸಿಲಾಚೆ ಕಾದು ನಿಂತಿತ್ತು, ಕರೆದ ಕೂಡಲೇ ಓಡಿ ಬಂತು. ಅವನದು ಬೇರೂರುವ ಹೊತ್ತಿಗೇ ಕಿತ್ತುಹೋಗಿತ್ತು. ಬೇಸಿಗೆಯಲ್ಲಿ ಪ್ಲೇಸ್ಕೂಲಿಗೆ ಹಾಕಿದರು, ಅಮ್ಮನ ನಾಲಿಗೆಗೆ ಅವನ ಜೊತೆ ಹಿಂದಿಯೇ ರೂಢಿಯಾಗಿತ್ತು, ನಾನೂ ಅವನ ಜೊತೆ ಜಗಳವಾಡಿದ್ದೆಲ್ಲ ಹಿಂದಿಯಲ್ಲೇ. ನಾನೇನು ಬೇಕೆಂದು ಎರಡೆರಡು ಕಂಡವಳಲ್ಲ, ಗೊತ್ತು. ಆದರೂ ಈಗ ನೆನೆದರೆ ಮೈ ಉರಿಯುತ್ತದೆ. ಯಾರ ಮೇಲೆ ಉರಿಯಬೇಕೆಂದು ಗೊತ್ತಾಗದೆ ಇನ್ನೂ ಉರಿಯುತ್ತದೆ. ಅಜ್ಜಿ ತುಮಕೂರಿಗೆ ಹೋಗಲಿಲ್ಲ, ಕೊನೆಯವರೆಗೂ ನಮ್ಮ ಜೊತೆಗೇ ಇದ್ದಳು. ನನ್ನ ಜೊತೆ ಗಂಟೆಗಟ್ಟಲೆ ಹರಟಿದಳು. ಪಚ್ಚು ಬಂದರೆ ಅವಳಿಗೆ ಬರುತ್ತಿದ್ದ ಹಿಂದಿ ಇಷ್ಟೇ: ಆಜಾ, ಖಾಲೋ, ಬಸ್; ಬಾ, ತಿನ್ನು, ಸಾಕು. ಅವನ ತಲೆ ಸವರಿ ಸುಮ್ಮನಾಗುವಳು. ಅವನೂ ಸ್ವಲ್ಪ ಹೊತ್ತು ಒರಗಿ ಕೂತು ಆಟಕ್ಕೆ ಓಡುವನು.

ಪಚ್ಚು ಈಗ ಗ್ರೇಟರ್ ನೋಯ್ಡಾದಲ್ಲಿ ಕಾಲೇಜು ಓದುತ್ತಿದ್ದಾನೆ, ನನಗಿಂತ ಎತ್ತರ ಬೆಳೆದಿದ್ದಾನೆ. ನಾನು ದಿನವಿಡೀ ಕಂಪ್ಯೂಟರ್ ನೋಡುವ ಕೆಲಸದಲ್ಲಿದ್ದೇನೆ, ಅಕ್ಷರಗಳು ಒಂದೊಂದೇ ಕಾಣುತ್ತವೆ, ತಲೆನೋವಿಲ್ಲ. ಹೋದ ಚಳಿಗಾಲದಲ್ಲಿ ಅವನನ್ನು ನೋಡಲು ಹೋಗಿದ್ದಾಗ ಹಾಸ್ಟೆಲಿನ ಹೊರಗೆ ಬಿಸಿಲಿಗೆ ಕೂತು ಕಡಲೆಕಾಯಿ ಬಿಡಿಸಿ ತಿನ್ನುತ್ತಿದ್ದೆವು. ಅಪ್ಪ ಅಮ್ಮನ ಸುದ್ದಿ ಮುಗಿದ ಮೇಲೆ ಅವನಿಗೆ ಇದ್ದಕ್ಕಿದ್ದಂತೆ ಅಜ್ಜಿ ನೆನಪಾದಳು. ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಿದ್ದದ್ದು ಚೆನ್ನಾಗಿ ನೆನಪಿದೆ ಎಂದ. ಆಮೇಲೆ ಕೈಯ ಹೊಟ್ಟು ಊದಿ, ಬಹಳ ಪ್ರೀತಿಯಿಂದಲೇ ಹೇಳಿದ.

"ದೀದಿ, ದಾದಿ ಬಹುತ್ ಕಮ್ ಬೋಲ್ತೀ ಥೀ ನಾ?"

ಅಜ್ಜಿ ಮಾತೇ ಕಮ್ಮಿ ಅಲ್ವಾ ಎಂದು ಕೇಳುತ್ತಿದ್ದಾನೆ, ನನ್ನ ತಮ್ಮ.